ಎಕ್ಸಿಟ್ ಹೊಡೆದರೂ ಸೆಷನ್ ಮುಗಿಯುತ್ತಿಲ್ಲವೇ? ಟೆಲ್ನೆಟ್, ಎಸ್‌ಎಸ್‌ಎಚ್‌ನಿಂದ ಸರಿಯಾಗಿ ಹೊರಬರುವ ಬಗೆ

"ಎಂತ ಒತ್ತಿದರೂ ಹೊರಗೆ ಬರುದಿಲ್ಲ ಮಾರಾಯ್ರೇ, ವಿಂಡೋ ಕ್ಲೋಸ್ ಮಾಡ್ಲಾ?" ಮಂಗಳೂರು, ಉಡುಪಿ ಕಡೆಯ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಈ ಫೋನು ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆ ಓದುವ ಮಕ್ಕಳೂ ಇದ್ದಾರೆ, ಹತ್ತು ವರ್ಷದಿಂದ ಸರ್ವರ್ ನೋಡಿಕೊಳ್ಳುವವರೂ ಇದ್ದಾರೆ. ಟೆಲ್ನೆಟ್, ಎಸ್‌ಎಸ್‌ಎಚ್ ಎಂದರೆ ಇಲ್ಲಿ ಕೂತು ಬೇರೆ ಕಡೆಯ ಕಂಪ್ಯೂಟರಿಗೆ ಟೈಪ್ ಮಾಡಿ ಕೆಲಸ ಹೇಳುವ ಪ್ರೋಗ್ರಾಂಗಳು; ಲಾಗಿನ್ ಆಗಿ ಹೊರಬರುವ ತನಕದ ಸಂಪರ್ಕವೇ ಸೆಷನ್. ಸೆಷನ್ ಶುರು ಮಾಡುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಮುಗಿಸುವುದನ್ನು ಹೇಳಿಕೊಡುವವರು ಕಡಿಮೆ.

ವಿಂಡೋ ಮುಚ್ಚಿಬಿಟ್ಟರೆ ಏನಾಗುತ್ತದೆ? ನೆಟ್ ಸರಿ ಇದ್ದರೆ ನಿಮ್ಮ ಕಂಪ್ಯೂಟರ್ ಆಚೆ ಕಡೆಗೆ "ಮುಗಿಯಿತು" ಎಂದು ತಿಳಿಸಿಯೇ ಹೋಗುತ್ತದೆ. ಆದರೆ ಒಳಗೆ ಓಡುತ್ತಿದ್ದ ಕೆಲಸ, ಅದು ಬ್ಯಾಕಪ್ ಇರಲಿ, ಫೈಲ್ ಕಾಪಿ ಇರಲಿ, ಸಾಮಾನ್ಯವಾಗಿ ಅರ್ಧಕ್ಕೆ ಕಡಿದುಹೋಗುತ್ತದೆ. ನೆಟ್ ಸತ್ತಿದ್ದರೆ ಇನ್ನೂ ಕಷ್ಟ. ನೀವು ಹೋದದ್ದು ಸರ್ವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಹೆಸರಿನ ಸೆಷನ್ ಅಲ್ಲಿ ಹಾಗೆಯೇ ತೆರೆದಿರುತ್ತದೆ.

ಕೆಳಗಿನ ವಿಷಯಗಳನ್ನು ನಿಮಗೆ ಕಾಣುವ ಲಕ್ಷಣದ ಪ್ರಕಾರ ಜೋಡಿಸಿದ್ದೇನೆ. ಪ್ರತಿ ಭಾಗದಲ್ಲೂ ಸುಲಭದ್ದು ಮೊದಲು. ಕಮಾಂಡುಗಳನ್ನು ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಏನೇ ತೊಂದರೆ ಇರಲಿ, ಮೊದಲು ಇದನ್ನು ನೋಡಿ: ನೀವು ಈಗ ಎಲ್ಲಿದ್ದೀರಿ?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗಲಿ ದಾಟಿ ಚಾವಡಿ, ಚಾವಡಿ ದಾಟಿ ಒಳಕೋಣೆ. ಬರುವಾಗಲೂ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಸೆಷನ್ನೂ ಹಾಗೆಯೇ. ಹೊರಗೆ ನಿಮ್ಮ ಕಂಪ್ಯೂಟರಿನ ಶೆಲ್, ಅಂದರೆ ನೀವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ. ಅದರೊಳಗೆ ಎಸ್‌ಎಸ್‌ಎಚ್ ಅಥವಾ ಟೆಲ್ನೆಟ್ ಪ್ರೋಗ್ರಾಂ. ಅದರಾಚೆ ಸರ್ವರಿನ ಶೆಲ್. ಅಲ್ಲಿ ನೀವು ತೆರೆದ ಇನ್ನೊಂದು ಪ್ರೋಗ್ರಾಂ. ಎಕ್ಸಿಟ್ ಎಂಬುದು ಒಂದು ಸಲಕ್ಕೆ ಒಂದು ಬಾಗಿಲನ್ನು ಮಾತ್ರ ದಾಟಿಸುತ್ತದೆ. ಎಷ್ಟನೆಯ ಬಾಗಿಲಲ್ಲಿ ನಿಂತಿದ್ದೀರಿ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅದನ್ನು ಹೇಳುವುದು ಪ್ರಾಂಪ್ಟ್, ಅಂದರೆ ಕರ್ಸರಿನ ಎಡಕ್ಕೆ ಕಾಣುವ ಬರಹ. ಕೊನೆಯಲ್ಲಿ $ ಇದ್ದರೆ ಹೆಚ್ಚಾಗಿ ಲಿನಕ್ಸಿನ ಸಾಮಾನ್ಯ ಬಳಕೆದಾರ. ಲಿನಕ್ಸಿನಲ್ಲಿ # ಇದ್ದರೆ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ; ಅಲ್ಲಿ ಕೈ ಜೋಪಾನ. ಮ್ಯಾಕ್‌ನಲ್ಲಿ % ಕಾಣಬಹುದು, ಏಕೆಂದರೆ 2019ರ ಕ್ಯಾಟಲೀನಾದಿಂದ ಅದರ ಶೆಲ್ ಝಡ್‌ಶೆಲ್. ಡ್ರೈವ್ ಹೆಸರು ಮತ್ತು > ಇದ್ದರೆ ವಿಂಡೋಸ್. "ಟೆಲ್ನೆಟ್>", "ಎಫ್‌ಟಿಪಿ>", "ಮೈಎಸ್‌ಕ್ಯೂಎಲ್>" ಎಂದಿದ್ದರೆ ನೀವು ಶೆಲ್ಲಿನಲ್ಲಿ ಇಲ್ಲ, ಆ ಪ್ರೋಗ್ರಾಂ ಒಳಗಿದ್ದೀರಿ.

ಅನುಮಾನ ಬಂದರೆ "ಹೋಸ್ಟ್‌ನೇಮ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಈ ಕಮಾಂಡ್ ಉಂಟು. ಯಾವ ಮೆಷಿನಿನಲ್ಲಿದ್ದೀರಿ ಎಂದು ತಕ್ಷಣ ಗೊತ್ತಾಗುತ್ತದೆ.

ಎಚ್ಚರಿಕೆ: ಸಂಜೆ ಮನೆಗೆ ಹೊರಡುವಾಗ ತಮ್ಮ ಲ್ಯಾಪ್‌ಟಾಪ್ ಅಂದುಕೊಂಡು ಸರ್ವರಿನ ಸೆಷನ್ನಿನಲ್ಲೇ "ಶಟ್‌ಡೌನ್" ಹೊಡೆಯುವವರು ಇದ್ದಾರೆ. ಆ ಸರ್ವರ್ ಬೇರೆ ಊರಿನಲ್ಲಿದ್ದರೆ ಆನ್ ಮಾಡಲು ಯಾರಾದರೂ ಅಲ್ಲಿಗೇ ಹೋಗಬೇಕು. ಶಟ್‌ಡೌನ್, ರೀಬೂಟ್, ರಿಲೋಡ್ ಹೊಡೆಯುವ ಮುಂಚೆ ಒಮ್ಮೆ ಹೋಸ್ಟ್‌ನೇಮ್ ನೋಡಿ.

ಲಕ್ಷಣ: ಸ್ಕ್ರೀನ್ ನಿಂತುಹೋಗಿದೆ, ಟೈಪ್ ಮಾಡಿದ್ದು ಕಾಣುತ್ತಿಲ್ಲ

ನನಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ. ಎಲ್ಲರೂ ನೆಟ್ ಹೋಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನೆಟ್ ಸರಿಯಾಗಿಯೇ ಇರುತ್ತದೆ.

ಮೊದಲು ಕಂಟ್ರೋಲ್ + ಕ್ಯೂ ಒತ್ತಿ. ವರ್ಡ್, ಎಕ್ಸೆಲ್ ಬಳಸಿ ರೂಢಿಯಾದ ಕೈ ಸೇವ್ ಮಾಡಲು ಕಂಟ್ರೋಲ್ + ಎಸ್ ಒತ್ತುತ್ತದೆ. ಟರ್ಮಿನಲ್ಲಿನಲ್ಲಿ ಆ ಕೀಗೆ "ತೋರಿಸುವುದನ್ನು ನಿಲ್ಲಿಸು" ಎಂದು ಅರ್ಥ. ಟೆಲಿಟೈಪ್ ಕಾಲದಿಂದ ಬಂದ ರೂಢಿ ಅದು. ಕಂಟ್ರೋಲ್ + ಕ್ಯೂ ಒತ್ತಿದ ಕೂಡಲೇ ತಡೆದಿಟ್ಟದ್ದೆಲ್ಲ ಒಟ್ಟಿಗೆ ಸ್ಕ್ರೀನಿಗೆ ಬರುತ್ತದೆ. ಹಾಗಾಗಿ ಸ್ಕ್ರೀನ್ ನಿಂತಿದ್ದಾಗ ಗಾಬರಿಯಲ್ಲಿ ಏನೇನೋ ಟೈಪ್ ಮಾಡಬೇಡಿ. ನಿಮಗೆ ಕಾಣದಿದ್ದರೂ ಆ ಅಕ್ಷರಗಳು ಸರ್ವರಿಗೆ ಹೋಗಿರುತ್ತವೆ, ಎಂಟರ್ ಒತ್ತಿದ್ದರೆ ಕಮಾಂಡ್ ಓಡಿಯೂ ಇರುತ್ತದೆ.

ವಿಂಡೋಸ್ ಆದರೆ ವಿಂಡೋದ ಮೇಲಿನ ಹೆಸರನ್ನು ನೋಡಿ. "ಸೆಲೆಕ್ಟ್" ಎಂಬ ಪದ ಸೇರಿಕೊಂಡಿದ್ದರೆ ಮೌಸ್ ತಾಗಿ ಕ್ವಿಕ್ ಎಡಿಟ್ ಶುರುವಾಗಿದೆ ಎಂದರ್ಥ. ಕಪ್ಪು ವಿಂಡೋದ ಒಳಗೆ ಸುಮ್ನೆ ಒಂದು ಕ್ಲಿಕ್ ಮಾಡಿದರೂ ಸಾಕು, ಬರಹ ಓಡುವುದು ನಿಲ್ಲುತ್ತದೆ. ಎಸ್ಕೇಪ್ ಒತ್ತಿ, ಸರಿಯಾಗುತ್ತದೆ.

ಮೂರನೆಯದು ಕನ್ನಡದಲ್ಲಿ ಟೈಪ್ ಮಾಡುವ ನಮ್ಮಂಥವರಿಗೇ ಬರುವ ತೊಂದರೆ. ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ~ ಮತ್ತು ] ಕೀಗಳು ಬೇರೇನನ್ನೋ ಕಳಿಸುತ್ತವೆ. ಹೊರಬರುವ ಕೀ ಒತ್ತಿದರೂ ಕೆಲಸ ಆಗುವುದಿಲ್ಲ. ಟಾಸ್ಕ್‌ಬಾರಿನಲ್ಲಿ ಭಾಷೆ ನೋಡಿ, ಇಂಗ್ಲಿಷಿಗೆ ಬದಲಿಸಿ, ಮತ್ತೆ ಪ್ರಯತ್ನಿಸಿ.

ಇಷ್ಟಾದರೂ ಅಲುಗಾಡದಿದ್ದರೆ ಇನ್ನೊಂದು ವಿಂಡೋ ತೆರೆದು ಆ ಸರ್ವರಿಗೆ ಪಿಂಗ್ ಮಾಡಿ, ಅಂದರೆ "ಪಿಂಗ್" ಕಮಾಂಡಿನಿಂದ ಅದು ಉತ್ತರ ಕೊಡುತ್ತದೆಯೇ ನೋಡಿ. ಉತ್ತರ ಬಂದರೆ ದಾರಿ ಸರಿ ಇದೆ, ತೊಂದರೆ ಸೆಷನ್ನಿನದ್ದು ಅಥವಾ ಸರ್ವರಿನ ಕೆಲಸದ ಹೊರೆಯದ್ದು. ಉತ್ತರ ಬಾರದಿದ್ದರೆ ನೆಟ್ ಕಡಿದಿರಬಹುದು. ಖಚಿತ ಅಲ್ಲ, ಕೆಲವು ಸರ್ವರುಗಳು ಪಿಂಗ್‌ಗೆ ಉತ್ತರ ಕೊಡದ ಹಾಗೆ ಇಟ್ಟಿರುತ್ತಾರೆ.

ಸತ್ತ ಎಸ್‌ಎಸ್‌ಎಚ್ ಸೆಷನ್ನಿನಿಂದ ಹೊರಬರುವ ಕ್ರಮ ಇದು: ಎಂಟರ್ ಒತ್ತಿ, ಆಮೇಲೆ ~ ಒತ್ತಿ, ಆಮೇಲೆ ಚುಕ್ಕಿ ಒತ್ತಿ. ~ ಇರುವುದು ಎಸ್ಕೇಪ್ ಕೀಯ ಕೆಳಗೆ, ಶಿಫ್ಟ್ ಹಿಡಿದು ಒತ್ತಬೇಕು. ಮೊದಲು ಎಂಟರ್ ಯಾಕೆ? ಹೊಸ ಸಾಲಿನ ಶುರುವಿನಲ್ಲಿ ಬಂದ ~ ಚಿಹ್ನೆಯನ್ನು ಮಾತ್ರ ಎಸ್‌ಎಸ್‌ಎಚ್ ತನಗೆ ಹೇಳಿದ ಮಾತು ಎಂದು ತೆಗೆದುಕೊಳ್ಳುತ್ತದೆ. ಸಾಲಿನ ನಡುವೆ ಬಂದರೆ ಅದನ್ನು ಸರ್ವರಿಗೆ ದಾಟಿಸುತ್ತದೆ. "~. ಒತ್ತಿದೆ, ಆಗ್ಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಎಂಟರ್ ಬಿಟ್ಟಿರುತ್ತಾರೆ. ~ ಒತ್ತಿದಾಗ ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ. ಹೆದರಬೇಡಿ, ಚುಕ್ಕಿ ಒತ್ತಿ. ಈ ಕೀ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದರಿಂದ ನೆಟ್ ಪೂರ್ತಿ ಸತ್ತಿದ್ದರೂ ನಡೆಯುತ್ತದೆ. ಸರ್ವರ್ ರೀಬೂಟ್ ಮಾಡಿದಾಗ ಸೆಷನ್ ಸಿಕ್ಕಿಹಾಕಿಕೊಂಡರೂ ಇದೇ ಮದ್ದು.

ವಿಂಡೋಸಿನಲ್ಲಿ ಎಸ್‌ಎಸ್‌ಎಚ್‌ಗೆ ಪುಟ್ಟಿ ಎಂಬ ಪ್ರೋಗ್ರಾಂ ಬಳಸುವವರಿಗೆ ಈ ~ ಇಲ್ಲ. ಅಲ್ಲಿ ಸತ್ತ ಸೆಷನ್ನಿಗೆ ವಿಂಡೋ ಮುಚ್ಚುವುದೇ ದಾರಿ. ವಿಂಡೋದ ಹೆಸರಿನಲ್ಲಿ "ಇನ್‌ಆಕ್ಟಿವ್" ಎಂದು ಬಂದಿದ್ದರೆ ಸೆಷನ್ ಆಗಲೇ ಮುಗಿದಿದೆ, ಧೈರ್ಯವಾಗಿ ಮುಚ್ಚಿ. ಫೋನಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಬಳಸುವ ಹುಡುಗರು ಕಂಟ್ರೋಲ್ ಎಲ್ಲಿ ಎಂದು ಹುಡುಕುತ್ತಾರೆ; ವಾಲ್ಯೂಮ್ ಕಡಿಮೆ ಮಾಡುವ ಬಟನ್ನೇ ಅಲ್ಲಿ ಕಂಟ್ರೋಲ್.

ಲಕ್ಷಣ: ಟೆಲ್ನೆಟ್ ಒಳಗೆ ಕಂಟ್ರೋಲ್ + ಸಿ ಒತ್ತಿದರೂ ಬಿಡುತ್ತಿಲ್ಲ

ಟೆಲ್ನೆಟ್‌ಗೆ ಸಂಪರ್ಕ ಸಿಕ್ಕಿದಾಗ ಲಿನಕ್ಸಿನಲ್ಲಿ ಒಂದು ಸಾಲು ಬರುತ್ತದೆ: ಎಸ್ಕೇಪ್ ಕ್ಯಾರೆಕ್ಟರ್ ^]. ಹೊರಬರುವ ದಾರಿ ಅಲ್ಲೇ ಬರೆದಿದೆ, ಯಾರೂ ಓದುವುದಿಲ್ಲ ಅಷ್ಟೇ. ^ ಎಂದರೆ ಕಂಟ್ರೋಲ್. ಕಂಟ್ರೋಲ್ ಹಿಡಿದು ] ಒತ್ತಿ. "ಟೆಲ್ನೆಟ್>" ಎಂಬ ಪ್ರಾಂಪ್ಟ್ ಬರುತ್ತದೆ. ಅಲ್ಲಿ "ಕ್ವಿಟ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ.

ಕಂಟ್ರೋಲ್ + ಸಿ ಯಾಕೆ ಆಗುವುದಿಲ್ಲ ಅಂದರೆ, ಟೆಲ್ನೆಟ್ ಅದನ್ನೂ ಆಚೆ ಕಡೆಗೆ ಕಳಿಸಿಬಿಡುತ್ತದೆ. ಆಚೆಯ ಪ್ರೋಗ್ರಾಂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನೀವು ಒಳಗೇ ಇರುತ್ತೀರಿ.

ವಿಂಡೋಸಿನಲ್ಲೂ ಅದೇ ಕೀ, ಪ್ರಾಂಪ್ಟ್ ಮಾತ್ರ "ಮೈಕ್ರೋಸಾಫ್ಟ್ ಟೆಲ್ನೆಟ್>" ಎಂದು ಬರುತ್ತದೆ. ಅಲ್ಲಿ "ಕ್ಯೂ" ಒಂದೇ ಅಕ್ಷರ ಹೊಡೆದರೂ ಸಾಕು. "ಕ್ಲೋಸ್" ಎಂದು ಹೊಡೆದರೆ ಸಂಪರ್ಕ ಮುಗಿಯುತ್ತದೆ, ಆದರೆ ಟೆಲ್ನೆಟ್ ಪ್ರೋಗ್ರಾಂ ತೆರೆದೇ ಇರುತ್ತದೆ. ಆಮೇಲೆ ಕ್ವಿಟ್ ಹೊಡೆಯಬೇಕು. ಟೆಲ್ನೆಟ್ ಕಮಾಂಡೇ ಇಲ್ಲ ಎಂದು ವಿಂಡೋಸ್ ಹೇಳಿದರೆ ದೋಷ ಅಲ್ಲ. ವಿಸ್ತಾದಿಂದ ಈಚೆಗೆ ಅದನ್ನು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ನಾವೇ ಆನ್ ಮಾಡಬೇಕು. ಮ್ಯಾಕ್‌ನಲ್ಲಿ 2017ರ ಹೈ ಸಿಯೆರಾದಿಂದ ಅದು ಇಲ್ಲ. ಅಲ್ಲಿ ಪೋರ್ಟ್ (ಸರ್ವರಿನ ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು) ನೋಡಲು "ಎನ್‌ಸಿ" ಬಳಸುತ್ತಾರೆ, ಅದು ಕಂಟ್ರೋಲ್ + ಸಿ ಒತ್ತಿದರೆ ಮುಗಿಯುತ್ತದೆ.

ಈಗ ಟೆಲ್ನೆಟ್ ಹೆಚ್ಚಾಗಿ ಬಳಕೆಯಾಗುವುದು ಪೋರ್ಟ್ ತೆರೆದಿದೆಯೇ ಎಂದು ನೋಡಲು. ಆಗ ಆಚೆ ಕಡೆ ಇರುವುದು ಶೆಲ್ ಅಲ್ಲ. 25ನೇ ಪೋರ್ಟಿನ ಮೇಲ್ ಸರ್ವರಿಗೆ ಎಕ್ಸಿಟ್ ಅರ್ಥವಾಗುವುದಿಲ್ಲ, ಕ್ವಿಟ್ ಅರ್ಥವಾಗುತ್ತದೆ. ಬೇರೆ ಪೋರ್ಟಾದರೆ ಕಂಟ್ರೋಲ್ + ] ಒತ್ತಿಯೇ ಬನ್ನಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡ್ ಬಿಡಿ ಅಕ್ಷರದಲ್ಲಿ, ಯಾವ ಮರೆಯೂ ಇಲ್ಲದೆ ಹೋಗುತ್ತದೆ. ಲಾಗಿನ್ ಆಗಲು ಅದನ್ನು ಬಳಸಬೇಡಿ. ಅದೇ ಕಾರಣಕ್ಕೆ ಹೆಲ್ಸಿಂಕಿಯ ಟಾಟು ಯ್ಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. ವಿಂಡೋಸ್ 10ರಲ್ಲಿ 2018ರಿಂದ ಎಸ್‌ಎಸ್‌ಎಚ್ ಜೊತೆಗೇ ಬರುತ್ತಿದೆ. ಬೇರೆ ದಾರಿ ಇಲ್ಲ ಎನ್ನುವ ಕಾಲ ಹೋಯಿತು.

ಲಕ್ಷಣ: ಎಕ್ಸಿಟ್ ಹೊಡೆದೆ, ಆದರೆ ಇನ್ನೂ ಸರ್ವರಿನಲ್ಲೇ ಇದ್ದೇನೆ

ಮತ್ತೊಮ್ಮೆ ಎಕ್ಸಿಟ್ ಹೊಡೆಯಿರಿ. ಸುಡೂ ಅಥವಾ ಎಸ್‌ಯು ಹೊಡೆದು ರೂಟ್ ಆಗಿದ್ದರೆ ಮೊದಲ ಎಕ್ಸಿಟ್ ನಿಮ್ಮನ್ನು ರೂಟ್‌ನಿಂದ ಹಳೆಯ ಬಳಕೆದಾರನಿಗೆ ತರುತ್ತದೆ. ಎರಡನೆಯದು ಸರ್ವರಿನಿಂದ ಹೊರಗೆ ತರುತ್ತದೆ. ನಡುವೆ ನಿಂತು ಪ್ರಾಂಪ್ಟ್ ನೋಡಿ, # ಹೋಗಿ $ ಬಂದಿತೇ ಎಂದು.

ಎಕ್ಸಿಟ್ ಬದಲು "ಲಾಗೌಟ್" ಹೊಡೆದಾಗ "ನಾಟ್ ಲಾಗಿನ್ ಶೆಲ್, ಯೂಸ್ ಎಕ್ಸಿಟ್" ಎಂದು ಬ್ಯಾಶ್ (ಲಿನಕ್ಸಿನ ಒಂದು ಶೆಲ್) ಹೇಳಿದರೂ ಅದೇ ಸುಳಿವು. ನೀವು ಲಾಗಿನ್ ಶೆಲ್ಲಿನೊಳಗೆ ಇನ್ನೊಂದು ಶೆಲ್ ತೆರೆದಿದ್ದೀರಿ. ಎಕ್ಸಿಟ್ ಎರಡೂ ಕಡೆ ನಡೆಯುತ್ತದೆ, ಅದನ್ನೇ ರೂಢಿ ಮಾಡಿಕೊಳ್ಳಿ. ಲಿನಕ್ಸ್, ಮ್ಯಾಕ್‌ನಲ್ಲಿ ಖಾಲಿ ಸಾಲಿನಲ್ಲಿ ಕಂಟ್ರೋಲ್ + ಡಿ ಒತ್ತಿದರೂ ಅದೇ ಫಲ. ವಿಂಡೋಸಿನ ಸಿಎಂಡಿಯಲ್ಲಿ ಅದು ನಡೆಯುವುದಿಲ್ಲ, ಎಕ್ಸಿಟ್ ಎಂದೇ ಬರೆಯಬೇಕು.

"ದೇರ್ ಆರ್ ಸ್ಟಾಪ್ಡ್ ಜಾಬ್ಸ್" ಎಂದು ಬಂದರೆ ನಿಲ್ಲಿ. ಹಿಂದೆ ಯಾವಾಗಲೋ ಕಂಟ್ರೋಲ್ + ಝಡ್ ಒತ್ತಿದ್ದೀರಿ. ಅದು ಪ್ರೋಗ್ರಾಮನ್ನು ಮುಗಿಸುವುದಿಲ್ಲ, ತಡೆದು ಬದಿಗಿಡುತ್ತದೆ. "ಜಾಬ್ಸ್" ಹೊಡೆದರೆ ಪಟ್ಟಿ ಬರುತ್ತದೆ, "ಎಫ್‌ಜಿ" ಹೊಡೆದರೆ ಅದು ಮತ್ತೆ ಮುಂದೆ ಬರುತ್ತದೆ. ಅಲ್ಲಿ ಸೇವ್ ಮಾಡದ ಫೈಲ್ ಇರಬಹುದು. ವಿಐ ಎಡಿಟರ್ ಆಗಿದ್ದರೆ ಎಸ್ಕೇಪ್ ಒತ್ತಿ, :ಡಬ್ಲ್ಯುಕ್ಯೂ ಹೊಡೆದು ಉಳಿಸಿ ಬನ್ನಿ, ಬೇಡದಿದ್ದರೆ :ಕ್ಯೂ! ಹೊಡೆದು ಬನ್ನಿ. ಇದನ್ನು ನೋಡದೆ ತಕ್ಷಣ ಇನ್ನೊಂದು ಸಲ ಎಕ್ಸಿಟ್ ಹೊಡೆದರೆ ಶೆಲ್ ಎರಡನೇ ಸಲ ಕೇಳುವುದಿಲ್ಲ. ಹೋಗುತ್ತದೆ, ಆ ಕೆಲಸವೂ ಹೋಗುತ್ತದೆ.

ಒಂದು ಸರ್ವರಿನಿಂದ ಇನ್ನೊಂದಕ್ಕೆ ಎಸ್‌ಎಸ್‌ಎಚ್ ಮಾಡಿ, ಒಳಗಿನದ್ದು ಮಾತ್ರ ಸಿಕ್ಕಿಹಾಕಿಕೊಂಡರೆ ~. ಒತ್ತಬೇಡಿ. ಅದು ಹೊರಗಿನದ್ದನ್ನೇ ಕಡಿಯುತ್ತದೆ, ಎರಡೂ ಹೋಗುತ್ತವೆ. ಎಂಟರ್ ಒತ್ತಿ ~~. ಎಂದು ಒತ್ತಿ. ಮೊದಲ ~ ಹೊರಗಿನವನಿಗೆ, ಎರಡನೆಯದು ಒಳಗಿನವನಿಗೆ ತಲುಪುತ್ತದೆ.

ನೆಟ್‌ವರ್ಕ್ ಜೋಡಿಸುವ ಸಿಸ್ಕೋ ಕಂಪನಿಯ ಸ್ವಿಚ್, ರೌಟರುಗಳಲ್ಲಿ ಎಕ್ಸಿಟ್ ಒಂದೊಂದೇ ಹಂತ ಮೇಲಕ್ಕೆ ತರುತ್ತದೆ. ಇಂಟರ್ಫೇಸ್ ಕಾನ್ಫಿಗ್ ಒಳಗಿದ್ದರೆ ಒಂದು ಎಕ್ಸಿಟ್‌ಗೆ ಗ್ಲೋಬಲ್ ಕಾನ್ಫಿಗ್, ಇನ್ನೊಂದಕ್ಕೆ # ಪ್ರಾಂಪ್ಟ್, ಮತ್ತೊಂದಕ್ಕೆ ಸೆಷನ್ ಮುಗಿಯುತ್ತದೆ. "ಎಂಡ್" ಹೊಡೆದರೆ ನೇರ # ಪ್ರಾಂಪ್ಟಿಗೆ. ಕಂಟ್ರೋಲ್ + ಝಡ್ ಕೂಡ ಅಲ್ಲಿ ಎಂಡ್ ಕೆಲಸ ಮಾಡುತ್ತದೆ, ಲಿನಕ್ಸಿನ ಹಾಗೆ ಅಲ್ಲ. ಹೊರಡುವ ಮುಂಚೆ "ರೈಟ್ ಮೆಮೊರಿ" ಹೊಡೆದಿರಾ? ಇಲ್ಲದಿದ್ದರೆ ಮುಂದಿನ ಸಲ ಕರೆಂಟು ಹೋದಾಗ ಮಾಡಿದ ಬದಲಾವಣೆಯೂ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕೆ ಹೆಚ್ಚು ಕಾಯಬೇಕಾಗಿಲ್ಲ.

ಲ್ಯಾಬಿನ ಮಕ್ಕಳಿಗೆ ಒಂದು ಮಾತು. ಸಿಸ್ಕೋದಲ್ಲಿ ಕಮಾಂಡ್ ತಪ್ಪಾಗಿ ಹೊಡೆದಾಗ "ಟ್ರಾನ್ಸ್‌ಲೇಟಿಂಗ್" ಎಂದು ಬಂದು ಸುಮಾರು ಹೊತ್ತು ನಿಲ್ಲುತ್ತದಲ್ಲ, ಅದು ಹ್ಯಾಂಗ್ ಅಲ್ಲ. ನೀವು ಹೊಡೆದ ತಪ್ಪು ಪದವನ್ನು ಯಾವುದೋ ಮೆಷಿನಿನ ಹೆಸರೆಂದು ತಿಳಿದು ಹುಡುಕುತ್ತಿದೆ. ಕಂಟ್ರೋಲ್ + ಶಿಫ್ಟ್ + 6 ಒತ್ತಿದರೆ ಬಿಡುತ್ತದೆ. ಆದರೆ ಅದೇ ಕೀ ಒತ್ತಿ ಆಮೇಲೆ ಎಕ್ಸ್ ಒತ್ತಿದರೆ ಸೆಷನ್ ಮುಗಿಯುವುದಿಲ್ಲ, ಬದಿಗೆ ಸರಿಯುತ್ತದೆ. "ಶೋ ಸೆಷನ್ಸ್" ಹೊಡೆದು ನೋಡಿ, "ಡಿಸ್‌ಕನೆಕ್ಟ್" ಮತ್ತು ಅದರ ನಂಬರ್ ಹೊಡೆದು ಮುಗಿಸಿ.

ಲಕ್ಷಣ: ಎಕ್ಸಿಟ್ ಹೊಡೆದ ಮೇಲೆ "ಲಾಗೌಟ್" ಎಂದು ಬಂತು, ಆದರೆ ನಮ್ಮ ಪ್ರಾಂಪ್ಟ್ ಬರುತ್ತಿಲ್ಲ

ಶೆಲ್ ಮುಗಿದಿದೆ, ಸಂಪರ್ಕ ಮುಗಿದಿಲ್ಲ. ಕಾರಣ ಎರಡರಲ್ಲಿ ಒಂದು. ಸರ್ವರಿನಲ್ಲಿ ನೀವು ಹಿಂಬದಿಯಲ್ಲಿ ಓಡಲು ಬಿಟ್ಟ ಕೆಲಸ ಇನ್ನೂ ಈ ಸೆಷನ್ನಿನ ಸ್ಕ್ರೀನನ್ನು ಹಿಡಿದುಕೊಂಡಿದೆ. ಅಥವಾ ಈ ಸೆಷನ್ ಮೂಲಕ ಪೋರ್ಟ್ ಫಾರ್ವರ್ಡ್ ಮಾಡಿದ್ದೀರಿ, ಅಂದರೆ ಬೇರೆ ಪ್ರೋಗ್ರಾಮಿನ ಸಂಪರ್ಕವನ್ನೂ ಇದರೊಳಗಿಂದ ದಾಟಿಸುತ್ತಿದ್ದೀರಿ, ಅದನ್ನು ಬ್ರೌಸರೋ ಡೇಟಾಬೇಸ್ ಪ್ರೋಗ್ರಾಮೋ ಇನ್ನೂ ಬಳಸುತ್ತಿದೆ.

ಎಂಟರ್ ಒತ್ತಿ ~# ಒತ್ತಿ. ಯಾವ ಫಾರ್ವರ್ಡ್ ಸಂಪರ್ಕಗಳು ಉಳಿದಿವೆ ಎಂದು ಪಟ್ಟಿ ಬರುತ್ತದೆ. ಆ ಬ್ರೌಸರ್ ಟ್ಯಾಬ್ ಮುಚ್ಚಿದರೆ ಎಸ್‌ಎಸ್‌ಎಚ್ ತಾನಾಗಿಯೇ ಮುಗಿಯುತ್ತದೆ. ಇವೇನೂ ಬೇಡ ಎಂದು ಖಾತ್ರಿ ಇದ್ದರೆ ~. ಒತ್ತಿ. ಹಿಂಬದಿ ಕೆಲಸ ಮುಖ್ಯವಾದದ್ದಾದರೆ ಕಡಿಯುವ ಮುಂಚೆ ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ಅದು ಎಲ್ಲಿಗೆ ಬಂದಿದೆ ನೋಡಿ.

ಉದ್ದ ಕೆಲಸಗಳನ್ನು "ಟಿಮಕ್ಸ್" ಅಥವಾ "ಸ್ಕ್ರೀನ್" ಎಂಬ ಪ್ರೋಗ್ರಾಂ ಒಳಗೇ ಓಡಿಸಿ; ಸಂಪರ್ಕ ಕಡಿದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಟಿಮಕ್ಸಿನಲ್ಲಿ ಕಂಟ್ರೋಲ್ + ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ಕೆಲಸ ಸರ್ವರಿನಲ್ಲೇ ಉಳಿಯುತ್ತದೆ, ನೀವು ಹೊರಗೆ ಬರುತ್ತೀರಿ. ಸ್ಕ್ರೀನ್‌ನಲ್ಲಿ ಬಿ ಬದಲು ಎ. ಬ್ಯಾಕಪ್ ಹಾಕುವವರು ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಲೇಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಲಕ್ಷಣ: ಸ್ವಲ್ಪ ಹೊತ್ತು ಬಿಟ್ಟು ಬಂದರೆ ಸೆಷನ್ ಸತ್ತಿರುತ್ತದೆ

"ಬ್ರೋಕನ್ ಪೈಪ್", "ಕನೆಕ್ಷನ್ ರಿಸೆಟ್ ಬೈ ಪಿಯರ್", ಪುಟ್ಟಿಯಲ್ಲಾದರೆ "ಸಾಫ್ಟ್‌ವೇರ್ ಕಾಸ್ಡ್ ಕನೆಕ್ಷನ್ ಅಬಾರ್ಟ್" ಎಂದು ಬರುತ್ತದೆ. ನೀವು ಮುಗಿಸಿದ್ದಲ್ಲ, ನಡುವೆ ಯಾರೋ ಕಡಿದದ್ದು.

ಹೊತ್ತು ನೋಡಿಕೊಳ್ಳಿ. ಕೆಲಸ ಮಾಡದೆ ಸುಮ್ನೆ ಬಿಟ್ಟಾಗ ಮಾತ್ರ, ಪ್ರತಿ ಸಲ ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ಸತ್ತರೆ ಅದು ಟೈಮೌಟ್. ನಡುವಿನ ರೌಟರ್ ಯಾವ ಸಂಪರ್ಕ ಯಾರದ್ದು ಎಂದು ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಮಾತುಕತೆ ಇಲ್ಲದ ಸಂಪರ್ಕವನ್ನು ಪಟ್ಟಿಯಿಂದ ಅಳಿಸುತ್ತದೆ. ಟೈಪ್ ಮಾಡುತ್ತಿರುವಾಗಲೇ, ಹೊತ್ತುಗೊತ್ತಿಲ್ಲದೆ ಕಡಿದರೆ ತೊಂದರೆ ಲೈನಿನದ್ದು. ಮೋಡೆಮಿನ ಲೈಟ್ ನೋಡಿ. ನಮ್ಮಲ್ಲಿ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾಗುವುದು, ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವಾಗ ಮೋಡೆಮ್ ರೀಸ್ಟಾರ್ಟ್ ಆಗುವುದು ಮಾಮೂಲು. ಮಂಗಳೂರು–ಉಡುಪಿ ಬಸ್ಸಿನಲ್ಲಿ ಕೂತು ಫೋನ್ ಹಾಟ್‌ಸ್ಪಾಟಿನಲ್ಲಿ ಸರ್ವರಿಗೆ ಹೋಗುವವರಿಗೆ ಸೆಷನ್ ಕಡಿಯುವುದನ್ನು ತಪ್ಪಿಸಲು ಆಗುವುದಿಲ್ಲ. ಅವರಿಗೆ ಟಿಮಕ್ಸೇ ಸರಿ.

ಟೈಮೌಟ್ ಆದರೆ ಪರಿಹಾರ ಸುಲಭ. ಹೋಮ್ ಫೋಲ್ಡರಿನಲ್ಲಿ ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲ್ ತೆರೆದು "ಸರ್ವರ್‌ಅಲೈವ್‌ಇಂಟರ್ವಲ್ 60" ಎಂದು ಒಂದು ಸಾಲು ಹಾಕಿ. ಪ್ರತಿ 60 ಸೆಕೆಂಡಿಗೆ ಒಮ್ಮೆ ನಿಮ್ಮ ಕಂಪ್ಯೂಟರ್ ಸರ್ವರನ್ನು ಮಾತಾಡಿಸುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಸೆಷನ್ನನ್ನು ತಾನೇ ಮುಗಿಸುತ್ತದೆ, ಹಾಗಾಗಿ ಸತ್ತ ಸ್ಕ್ರೀನಿನ ಮುಂದೆ ಕೂರುವುದೂ ತಪ್ಪುತ್ತದೆ. ಪುಟ್ಟಿಯಲ್ಲಿ ಕನೆಕ್ಷನ್ ಪುಟದ ಕೀಪ್‌ಅಲೈವ್ ಜಾಗದಲ್ಲಿ 0 ತೆಗೆದು 60 ಹಾಕಿ.

ಆದರೆ ಆಫೀಸಿನವರು ಬೇಕೆಂದೇ ಟೈಮೌಟ್ ಇಟ್ಟಿದ್ದರೆ ಅದನ್ನು ತಪ್ಪಿಸಲು ಹೋಗಬೇಡಿ. ಕೇಳಿ ಮಾಡಿ.

ಲಕ್ಷಣ: ನಾವು ಹೊರಗೆ ಬಂದಿದ್ದೇವೆ, ಅಲ್ಲಿ ಸೆಷನ್ ಉಳಿದಿದೆ

ಉಡುಪಿ ಕಡೆಯ ಒಂದು ಆಫೀಸಿನಲ್ಲಿ ನೋಡಿದ್ದು ಇದು. ಸ್ವಿಚ್ಚಿಗೆ ಲಾಗಿನ್ ಆಗಲು ಹೋದರೆ ಸಂಪರ್ಕವೇ ನಿರಾಕರಣೆ. ಪಿಂಗ್ ಸರಿ ಬರುತ್ತಿತ್ತು, ಆಫೀಸಿನ ಕಂಪ್ಯೂಟರುಗಳೆಲ್ಲ ಆರಾಮಾಗಿ ಓಡುತ್ತಿದ್ದವು. ಸ್ವಿಚ್ ಹಾಳಾಗಿದೆ, ಹೊಸದು ತರಿಸೋಣ ಎಂಬ ಮಾತೂ ಆಗಿತ್ತು. ಸ್ವಿಚ್ಚಿಗೇ ನೇರವಾಗಿ ಕನ್ಸೋಲ್ ಕೇಬಲ್ ಹಾಕಿ "ಶೋ ಯೂಸರ್ಸ್" ಹೊಡೆದೆವು. 0ಯಿಂದ 4ರ ತನಕ ಐದೂ ವಿಟಿವೈ ಲೈನುಗಳು, ಅಂದರೆ ದೂರದಿಂದ ಲಾಗಿನ್ ಆಗುವವರಿಗೆ ಇರುವ ಜಾಗಗಳು, ಭರ್ತಿ. ಐದರಲ್ಲೂ ಒಬ್ಬರದೇ ಹೆಸರು. ಅವರು ಮನೆಯಿಂದ ಕೆಲಸ ಮಾಡುವಾಗ ಸಂಜೆ ಮಳೆಗೆ ನೆಟ್ ಕಡಿಯುತ್ತಿತ್ತು, ಅವರು ಮತ್ತೆ ಲಾಗಿನ್ ಆಗುತ್ತಿದ್ದರು. ಕಡಿದದ್ದು ಸ್ವಿಚ್ಚಿಗೆ ಗೊತ್ತಿಲ್ಲ. ಸಿಸ್ಕೋದಲ್ಲಿ ಮೊದಲಿಂದ ಇರುವ ಟೈಮೌಟ್ 10 ನಿಮಿಷ, ಆದರೆ ಯಾರೋ "ಎಕ್ಸೆಕ್-ಟೈಮೌಟ್ 0 0" ಹಾಕಿಟ್ಟಿದ್ದರು. ಅಂದರೆ ಎಂದೆಂದಿಗೂ ಮುಗಿಸಬೇಡ ಎಂದು.

ಮಾಡಿದ್ದು ಇಷ್ಟು: "ಕ್ಲಿಯರ್ ಲೈನ್ ವಿಟಿವೈ 0" ಎಂದು ಶುರು ಮಾಡಿ ಒಂದೊಂದೇ ಲೈನ್ ತೆರವು ಮಾಡಿದೆವು. ಟೈಮೌಟನ್ನು 10 0ಗೆ ತಂದೆವು. "ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್" ಹಾಕಿದೆವು, ಆಚೆಯವರು ಬದುಕಿದ್ದಾರೆಯೇ ಎಂದು ಸ್ವಿಚ್ ಆಗಾಗ ಕೇಳುವ ಹಾಗೆ. ಹೊಸ ಸ್ವಿಚ್ ಬೇಕಾಗಲಿಲ್ಲ.

ಲಿನಕ್ಸ್ ಸರ್ವರಿನಲ್ಲಿ "ಡಬ್ಲ್ಯು" ಎಂದು ಒಂದೇ ಅಕ್ಷರ ಹೊಡೆದರೆ ಯಾರ್ಯಾರು ಒಳಗಿದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂದು ಕಾಣುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹಳೆಯ ಸೆಷನ್ನಿನ ಹೆಸರು ಪಿಟಿಎಸ್/2 ಎಂದಿದ್ದರೆ "ಪಿಕಿಲ್ -ಹಪ್ -ಟಿ ಪಿಟಿಎಸ್/2" ಎಂದು ಮುಗಿಸಬಹುದು. ಇದರಲ್ಲಿ ಹಪ್ ಒಂದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದಕ್ಕೂ ಮುಂಚೆ "ಟಿಟಿವೈ" ಹೊಡೆದು ಈಗ ಕೂತಿರುವ ಸೆಷನ್ನಿನ ನಂಬರ್ ನೋಡಿಕೊಳ್ಳಿ, ಇಲ್ಲದಿದ್ದರೆ ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. ಕಿಲ್ -9 ಕೊನೆಯ ದಾರಿ, ಅದು ಪ್ರೋಗ್ರಾಮಿಗೆ ಸೇವ್ ಮಾಡಲು ಸಮಯ ಕೊಡುವುದಿಲ್ಲ. ಎಸ್‌ಎಸ್‌ಎಚ್ ಸಂಪರ್ಕಗಳನ್ನು ಒಳಗೆ ಬಿಡುವ ಮುಖ್ಯ ಎಸ್‌ಎಸ್‌ಎಚ್‌ಡಿ ಪ್ರೋಸೆಸನ್ನು ಮಾತ್ರ ಮುಟ್ಟಬೇಡಿ. ಅದು ನಿಂತರೆ ಹೊಸಬರಾರೂ ಒಳಗೆ ಬರಲಾಗುವುದಿಲ್ಲ, ನೀವೂ ಸೇರಿ.

ಮುಗಿಸದೆ ಬಿಟ್ಟರೆ ತಾನಾಗಿ ಹೋಗುವುದಿಲ್ಲವೇ? ಹೋಗಬಹುದು, ಆದರೆ ಲಿನಕ್ಸಿನಲ್ಲಿ ಟಿಸಿಪಿ ಕೀಪ್‌ಅಲೈವ್ (ಆಚೆಯವರು ಇದ್ದಾರೆಯೇ ಎಂದು ಕೇಳುವುದು) ಶುರುವಾಗಲು ಮೊದಲಿಂದ ಇಟ್ಟಿರುವ ಸಮಯವೇ 7200 ಸೆಕೆಂಡ್, ಅಂದರೆ ಎರಡು ಗಂಟೆ. ಅಷ್ಟು ಹೊತ್ತು ರೂಟ್ ಸೆಷನ್ ತೆರೆದಿರುವುದು ಒಳ್ಳೆಯದಲ್ಲ.

ಸಂಪರ್ಕಗಳ ಪಟ್ಟಿ ತೋರಿಸುವ ನೆಟ್‌ಸ್ಟ್ಯಾಟಿನಲ್ಲಿ "ಟೈಮ್ ವೇಟ್" ಎಂದು ಕಂಡರೆ ಹೆದರಬೇಡಿ. ಅದು ಸರಿಯಾಗಿ ಮುಗಿದ ಸಂಪರ್ಕ, ದಾರಿಯಲ್ಲಿ ತಡವಾದ ಪ್ಯಾಕೆಟ್ ಇದ್ದರೆ ಎಂದು ಸ್ವಲ್ಪ ಕಾಯುತ್ತಿದೆ. "ಎಸ್ಟಾಬ್ಲಿಷ್ಡ್" ಎಂದು ಗಂಟೆಗಟ್ಟಲೆ ಕಂಡರೆ ಮಾತ್ರ ವಿಚಾರಿಸಿ. ವಿಂಡೋಸ್ ಸರ್ವರಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗುವವರೂ ಗಮನಿಸಿ: ಮೇಲಿನ ಎಕ್ಸ್ ಒತ್ತಿದರೆ ಸೆಷನ್ ಮುಗಿಯುವುದಿಲ್ಲ, ಒಳಗೆ ಓಡುತ್ತಲೇ ಇರುತ್ತದೆ. ಸೈನ್ ಔಟ್ ಮಾಡಬೇಕು. ಪವರ್‌ಶೆಲ್ ರಿಮೋಟ್ ಸೆಷನ್ನಿಗೆ ಎಕ್ಸಿಟ್ ಅಥವಾ "ಎಕ್ಸಿಟ್-ಪಿಎಸ್‌ಸೆಷನ್" ಸಾಕು.

ಎಫ್‌ಟಿಪಿ, ಎಸ್‌ಎಫ್‌ಟಿಪಿ

ಫೈಲ್ ಸಾಗಿಸುವ ಈ ಎರಡರಲ್ಲೂ "ಬೈ" ನಡೆಯುತ್ತದೆ, ಎಲ್ಲ ಸಿಸ್ಟಮ್ಮಿನಲ್ಲೂ. ಎಫ್‌ಟಿಪಿಯಲ್ಲಿ "ಕ್ಲೋಸ್" ಹೊಡೆದರೆ ಸಂಪರ್ಕ ಮಾತ್ರ ಮುಗಿಯುತ್ತದೆ, ಪ್ರಾಂಪ್ಟ್ ಅಲ್ಲೇ ನಿಲ್ಲುತ್ತದೆ. ಫೈಲ್ ಹೋಗುತ್ತಿರುವಾಗ ಕಡಿದಿದ್ದರೆ ಎರಡೂ ಕಡೆ ಫೈಲಿನ ಸೈಜ್ ಹೋಲಿಸಿ ನೋಡಿ.

ಲಕ್ಷಣ: ಹೊರಗೆ ಬಂದ ಮೇಲೆ ಅಕ್ಷರಗಳು ಚೆಲ್ಲಾಪಿಲ್ಲಿ

ಒಳಗಿನ ಪ್ರೋಗ್ರಾಂ ಅರ್ಧಕ್ಕೆ ಸತ್ತಾಗ ಟರ್ಮಿನಲ್ಲನ್ನು ಮೊದಲಿನ ಸ್ಥಿತಿಗೆ ತರಲು ಅದಕ್ಕೆ ಆಗಿರುವುದಿಲ್ಲ. ಲಿನಕ್ಸ್, ಮ್ಯಾಕ್‌ನಲ್ಲಿ "ರಿಸೆಟ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಟೈಪ್ ಮಾಡಿದ್ದು ಕಾಣದಿದ್ದರೂ ಪೂರ್ತಿ ಟೈಪ್ ಮಾಡಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್ + ಜೆ ಒತ್ತಿ. ಮ್ಯಾಕ್‌ನಲ್ಲಿ "ಪ್ರೋಸೆಸ್ ಕಂಪ್ಲೀಟೆಡ್" ಎಂದು ಬಂದು ವಿಂಡೋ ಉಳಿದರೆ ಅದು ದೋಷ ಅಲ್ಲ, ಶೆಲ್ ಮುಗಿದಿದೆ. ಮುಚ್ಚಿ.

ಎಲ್ಲಿ ಕೈ ಬಿಟ್ಟು ಬೇರೆಯವರನ್ನು ಕರೆಯಬೇಕು

"ಡಬ್ಲ್ಯು" ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಅಥವಾ ಗೊತ್ತಿಲ್ಲದ ಐಪಿ ಕಂಡರೆ ಅದನ್ನು ಕಡಿಯಲು ಆತುರ ಬೇಡ. ಸ್ಕ್ರೀನ್ ಫೋಟೋ ತೆಗೆದು ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ. ಮತ್ತೆ ಲಾಗಿನ್ ಆಗುವಾಗ ಹೋಸ್ಟ್ ಕೀ (ಸರ್ವರಿನ ಗುರುತು) ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಬಂದರೆ, ಸರ್ವರ್ ಹೊಸದಾಗಿ ಹಾಕಿದ್ದಾರೆಯೇ ಎಂದು ಕೇಳಿ ತಿಳಿಯುವ ತನಕ ಪಾಸ್‌ವರ್ಡ್ ಕೊಡಬೇಡಿ. ಸಿಕ್ಕಿಹಾಕಿಕೊಂಡ ಸೆಷನ್ನಿನಲ್ಲಿ ಡೇಟಾಬೇಸ್ ಬದಲಾವಣೆ ನಡೆಯುತ್ತಿದ್ದರೆ, ಅದರಲ್ಲೂ ಸೊಸೈಟಿ, ಬ್ಯಾಂಕಿನ ಲೆಕ್ಕವಾದರೆ, ಸಾಫ್ಟ್‌ವೇರಿನವರನ್ನು ಕೇಳದೆ ಮುಟ್ಟಬೇಡಿ. ಕಮಿಟ್ ಆಗದ, ಅಂದರೆ ಇನ್ನೂ ಕಾಯಂ ಆಗದ ಕೆಲಸ ಸೆಷನ್ ಕಡಿದರೆ ಹಿಂದಕ್ಕೆ ಹೋಗುತ್ತದೆ. ಫೈರ್‌ವಾಲ್ ಬದಲಿಸಿದ ಮೇಲೆ ಸೆಷನ್ ನಿಂತಿದ್ದರೆ ಇನ್ನೂ ಜೀವ ಇರುವ ಬೇರೆ ಸೆಷನ್ನನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಸರಿಪಡಿಸಲು ಇರುವ ದಾರಿ ಅದೊಂದೇ ಇರಬಹುದು.

ಇನ್ನು ಗುಡುಗು. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಕರಾವಳಿಯ ಸಿಡಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗುಡುಗು ಕೇಳುತ್ತಿರುವಾಗ ರ‍್ಯಾಕ್ ಹತ್ತಿರ ಕೂತು ಕನ್ಸೋಲ್ ಕೇಬಲ್ ಚುಚ್ಚುವ, ಮೋಡೆಮಿನ ತಂತಿ ಕೀಳುವ ಕೆಲಸ ಬೇಡ. ದೂರದಲ್ಲಿ ಮೋಡ ಕಪ್ಪಾಗುವಾಗಲೇ ಕೆಲಸ ಸೇವ್ ಮಾಡಿ, ಎಕ್ಸಿಟ್ ಹೊಡೆದು, ನಿಮ್ಮ ಪ್ರಾಂಪ್ಟ್ ಬಂದದ್ದು ನೋಡಿ, ಆಮೇಲೆ ಪ್ಲಗ್ ತೆಗೆಯಿರಿ. ಗುಡುಗು ಆಗಲೇ ಹತ್ತಿರ ಬಂದಿದ್ದರೆ ಸೆಷನ್ ಹಾಗೆಯೇ ಇರಲಿ, ಪ್ಲಗ್ಗೂ ಮುಟ್ಟಬೇಡಿ. ಮಳೆ ನಿಂತ ಮೇಲೆ ಲಾಗಿನ್ ಆಗಿ, "ಡಬ್ಲ್ಯು" ಹೊಡೆದು, ಉಳಿದ ಹಳೆಯ ಸೆಷನ್ನನ್ನು ಆಗ ಮುಗಿಸಿದರಾಯಿತು.